ಐದು ಫಾರಂ, ಒಂದೇ ನಂಬರು

ಅವರ ನಿವೃತ್ತಿಯ ದಿನ, ಅವರು ಹಿಂದೆ ಕೆಲಸ ಮಾಡಿದ್ದ ಹುಣಸೂರಿನ ಒಂದು ಸಣ್ಣ ಹಾಲಿನಲ್ಲಿ ಸಮಾರಂಭ ಇಟ್ಟುಕೊಂಡಿದ್ದರು. ನಾನೂ ಮೈಸೂರಿನಿಂದ ಹೋಗಿದ್ದೆ. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ಸರಿಯಾಗಿ ಬರಲಿಲ್ಲವೆಂದು ಹೊದಿಸಿದ ಶಾಲು ತೆಗೆದು ಇನ್ನೊಂದು ಸಲ ಹೊದಿಸಿದರು. ಆಮೇಲೆ ಒಬ್ಬ ಅಧಿಕಾರಿ ಮೈಕ್ ಹಿಡಿದು, “ನಮ್ಮ ಫಾರ್ಮಸಿಸ್ಟ್ ಮೇಡಂ ತುಂಬಾ ಸೌಮ್ಯ ಸ್ವಭಾವದವರು. ಇಡೀ ಸರ್ವೀಸಿನಲ್ಲಿ ಒಬ್ಬರ ಮೇಲೂ ದನಿ ಎತ್ತಿದವರಲ್ಲ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸೌಮ್ಯವಂತೆ! ಆಕೆ ದನಿ ಎತ್ತಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಒಮ್ಮೆ ಎತ್ತಿದ್ದು ನನ್ನ ಮೇಲೆ. ಇನ್ನೊಮ್ಮೆ ಎತ್ತಿದ್ದು ಮೈಕ್ ಹಿಡಿದು ನಿಂತಿದ್ದ ಇದೇ ಮಹಾನುಭಾವರ ಮೇಲೆ, ತುಂಬಿದ ಸಭೆಯಲ್ಲಿ. ಅದಾದ ಮೇಲೆ ಮೇಡಂಗೆ ನೋಟೀಸು ಕೊಟ್ಟು, ವರ್ಗ ಮಾಡಿಸಿ, ಈಗ ಶಾಲು ಹೊದಿಸುತ್ತಿದ್ದರು. ಜಗಳ ಆಡಿದವರನ್ನು ಸೌಮ್ಯರು ಎಂದು ಹೊಗಳಿಬಿಟ್ಟರೆ ಜಗಳವೇ ಆಗಿರಲಿಲ್ಲ ಎಂದಾಗುತ್ತದಲ್ಲ, ಅದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಮಾತಾಡಿ ಎಂದು ಮೈಕ್ ಕೊಟ್ಟರೆ ಮೇಡಂ, “ಎಲ್ರೂ ಊಟ ಮಾಡ್ಕಂಡು ಓಗಿ” ಎಂದಷ್ಟೇ ಹೇಳಿ ಕೂತುಬಿಟ್ಟರು. ಹಾಗಾಗಿ ಅವರು ಆಡಿದ ಜೋರು ಮಾತುಗಳನ್ನು ನಾನಾದರೂ ಬರೆದಿಡೋಣ ಎಂದು ಹೊರಟಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ನನ್ನನ್ನೂ ಬಿಡುವವರಲ್ಲ.

ಮೇಡಂ ಮಿರ್ಲೆ ಕಡೆಯವರು. ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಹುಣಸೂರು ಎಂದು ನಾಲ್ಕು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲೂ ಮಾತ್ರೆ ಕೊಟ್ಟವರು. ಹಳ್ಳಿಗಳಲ್ಲಿ ಅವರನ್ನು ಮಾತ್ರೆ ಅಮ್ಮ ಎಂದೇ ಕರೆಯುತ್ತಿದ್ದರು. ಕುಳ್ಳಗೆ, ದಪ್ಪ ಕನ್ನಡಕ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡು ಕೌಂಟರಿನ ಹಿಂದೆ ನಿಂತರೆ ಸಾಲಿನಲ್ಲಿದ್ದವರೆಲ್ಲ ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದರು. ಮಾತ್ರೆ ಕೊಟ್ಟು ಕಳಿಸುವವರಲ್ಲ ಅವರು. ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ, ಎಷ್ಟು ದಿನ, ಎಲ್ಲವನ್ನೂ ತಿರುಗಿ ಒಪ್ಪಿಸಬೇಕು. ತಪ್ಪಿದರೆ ಇನ್ನೊಂದು ಸಲ. ಹಿಂದಿದ್ದವರು ಗೊಣಗಿದರೆ, “ಬಸ್ಸು ಓದ್ರೆ ಇನ್ನೊಂದ್ ಬತ್ತದೆ ಕಣಪ್ಪ, ನಿಂತ್ಕೊ” ಎನ್ನುವರು.

ಅವರ ವಿಚಿತ್ರವೆಂದರೆ ಮಾತ್ರೆ ಕೊಟ್ಟ ಮೇಲೆ ಶುರುವಾಗುತ್ತಿದ್ದ ವಿಚಾರಣೆ. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಸರಿ, “ಅವತ್ ಕೊಟ್ಟಿದ್ನಲ್ಲ, ತಗಂಡ್ಮ್ಯಾಲೆ ಎಂಗಾಯ್ತು? ತಲೆ ಸುತ್ತಾ? ಮೈ ಕಡ್ತವಾ? ಉಚ್ಚೆ ಎಂಗ್ ಬತ್ತದೆ?” ಎಂದು ಶುರು ಮಾಡುವರು. ಎಲೆಯ ಮುಂದೆ ಕೂತವನಿಗೆ ಅನ್ನ ಗಂಟಲಿಗಿಳಿಯದು. ಒಬ್ಬ ಡಾಕ್ಟರು, ಅದೆಲ್ಲ ನಿಮ್ಮ ಕೆಲಸವಲ್ಲ ಎಂದಿದ್ದಕ್ಕೆ, “ಕೊಡೋದೊಂದೇ ನನ್ ಕೆಲ್ಸ ಆದ್ರೆ ಕಿಟಕೀಲಿ ಒಂದು ಡಬ್ಬ ಮಡುಗಿ ಸಾರ್, ಅವರೇ ಕೈ ಆಕಿ ತಗತಾರೆ” ಎಂದರಂತೆ.

ಹಾಗೆಂದು ಕಂಡಿದ್ದಕ್ಕೆಲ್ಲ ಮಾತ್ರೆಯನ್ನೇ ದೂರುವವರೂ ಅಲ್ಲ. ಪಿರಿಯಾಪಟ್ಟಣದ ಕಡೆ ಇದ್ದಾಗ ಒಬ್ಬ ಹೆಂಗಸು ಬಿ.ಪಿ. ಮಾತ್ರೆ ತಿಂದು ವಾಂತಿ, ತಲೆಸುತ್ತು ಎಂದು ಬಂದಳು. ಮಾತ್ರೆಯದೇ ತೊಂದರೆ, ಫಾರಂ ತುಂಬಿ ಎಂದು ಡಾಕ್ಟರೇ ಹೇಳಿದರು. ಇವರು ಪೆನ್ನು ಕೆಳಗಿಟ್ಟು, “ಬೆಳಿಗ್ಗೆ ಎಲ್ಲೋಗಿದ್ದೆ ಕಣವ್ವ?” ಎಂದರು.

“ಒಗೆಸೊಪ್ಪು ಮುರಿಯಾಕೆ.”

“ಸೊಪ್ಪು ನೆಂದಿತ್ತಾ?”

“ಊಂ ಕಣಮ್ಮ, ಸೋನೆ ಇಡ್ಕಂಡಿತ್ತಲ್ಲ.”

“ತೋಳಿಗೆ ಏನಾರ ಸುತ್ಕಂಡಿದ್ಯಾ?”

“ಇಲ್ಲ.”

ನೆನೆದ ಹೊಗೆಸೊಪ್ಪಿನ ನಂಜು ಬರಿಯ ತೋಳಿನಿಂದಲೇ ಮೈಗಿಳಿಯುತ್ತದೆ, ಅದಕ್ಕೂ ಹೀಗೇ ವಾಂತಿ ಬರುತ್ತದೆ. ಅವರು ಫಾರಂ ಹರಿದು ಬುಟ್ಟಿಗೆ ಹಾಕಿ, “ಮಾತ್ರೆ ಮ್ಯಾಲೆ ಸುಳ್ ಕೇಸ್ ಆಕಾಕಾಯ್ತದಾ?” ಎಂದರು. ಇಂಥವರು ತುಂಬಿ ಕಳಿಸಿದ ಫಾರಮ್ಮನ್ನು ನಾನು ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು. ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ನನ್ನ ಕೆಲಸ ಮೈಸೂರಿನಲ್ಲಿ. ಯಾವುದಾದರೂ ಔಷಧ ತಿಂದು ಆಗಬಾರದ್ದು ಆದರೆ ಆಸ್ಪತ್ರೆಯವರು ಒಂದು ಫಾರಂ ತುಂಬಿ ನಮ್ಮ ಕಛೇರಿಗೆ ಕಳಿಸುತ್ತಾರೆ. ನಾನು ಅದನ್ನು ಕಂಪ್ಯೂಟರಿಗೆ ಹಾಕಿ ಒಂದು ನಂಬರು ಕೊಡುತ್ತೇನೆ. ಅದು ಇಲ್ಲಿಂದ ಮೇಲಿನ ಕಛೇರಿಗೆ, ಅಲ್ಲಿಂದ ಸಮುದ್ರದಾಚೆಯ ಒಂದು ದೊಡ್ಡ ಡೇಟಾಬೇಸಿಗೆ ಹೋಗಿ ಸೇರುತ್ತದೆ. ಎಷ್ಟೋ ದೇಶಗಳ ಫಾರಂಗಳು ಬಂದು ಬೀಳುವ ಜಾಗ ಅದು. ಯಾವ ಔಷಧ ಯಾರಿಗೆ ಆಗಿಬರುವುದಿಲ್ಲ ಎಂದು ಸಂಶೋಧಕರು ಅದನ್ನು ಜಾಲಾಡುತ್ತಾರೆ. ಇಲ್ಲಿ ಬಂದಿರುವ ಫಾರಂಗಳನ್ನು ಎಣಿಸಿ ಈ ತೊಂದರೆ ಅಪರೂಪ ಎನ್ನಬೇಡಿ, ಬಾರದೇ ಹೋದವು ಎಷ್ಟೋ ನಮಗೆ ಗೊತ್ತಿಲ್ಲ ಎಂದು ಆ ಡೇಟಾಬೇಸಿನವರೇ ಎಚ್ಚರಿಸುತ್ತಾರೆ. ಆ ಎಚ್ಚರಿಕೆಯನ್ನು ಓದುವವರು ಯಾರು? ನಮ್ಮವರಿಗೆ ಬೇಕಾದದ್ದು ಒಂದು ಅಂಕಿ. ಅಂಕಿ ಚಿಕ್ಕದಾಗಿದ್ದರೆ ಇನ್ನೂ ಒಳ್ಳೆಯದು.

ಒಂದು ದಿನ ಅವರಿಂದ ಐದು ಫಾರಂ ಒಟ್ಟಿಗೆ ಬಂದವು. ಆಗ ಅವರು ಹುಣಸೂರು ತಾಲ್ಲೂಕಿನಲ್ಲಿದ್ದರು. ವೀರನಹೊಸಹಳ್ಳಿಯ ಆಚೆ ಕಾಡಿನಂಚಿನ ಒಂದು ಬುಡಕಟ್ಟು ಜನರ ಹಾಡಿಯಲ್ಲಿ ಜ್ವರದ ಕ್ಯಾಂಪು ನಡೆದು, ಐದು ದಿನಕ್ಕೆಂದು ಒಂದು ಮಾತ್ರೆ ಹಂಚಿದ್ದರು. ಮೂರನೆಯ ದಿನಕ್ಕೆ ಕೆಲವು ಗಂಡಸರ ಕಣ್ಣು ಹಳದಿಯಾಗಿ, ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕೆಲವು ಮನೆತನದವರ ರಕ್ತಕ್ಕೆ ಹುಟ್ಟಿನಿಂದಲೇ ಇಂಥ ಕೆಲವು ಮಾತ್ರೆ ಆಗುವುದಿಲ್ಲ, ತಿಂದರೆ ರಕ್ತ ಮೈಯೊಳಗೇ ಒಡೆಯುತ್ತದೆ. ಪುಸ್ತಕದಲ್ಲಿ ಇರುವ ವಿಷಯವೇ. ಕೊಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿದ್ದರೆ ಗೊತ್ತಾಗುತ್ತಿತ್ತು.

ನಾನು ಫಾರಂ ನೋಡಿದೆ. ಅದರಲ್ಲಿ ರೋಗಿಯ ಪೂರ್ತಿ ಹೆಸರು ಬರೆಯುವ ಹಾಗಿಲ್ಲ, ಮೊದಲ ಅಕ್ಷರಗಳು ಮಾತ್ರ. ಐದರಲ್ಲೂ ಜೆ.ಕೆ.ಬಿ. ಐವರೂ ಗಂಡಸರು. ಐವರೂ ಹುಟ್ಟಿದ್ದು ಜನವರಿ ಒಂದನೇ ತಾರೀಖು, ಇಸವಿಯೂ ಒಂದೇ. ಕ್ಯಾಂಪಿನ ದಿನ, ಮಾತ್ರೆ, ತೊಂದರೆ ಎಲ್ಲ ಒಂದೇ. ತೂಕದ ಜಾಗ ಐದರಲ್ಲೂ ಖಾಲಿ. ಇವು ಒಬ್ಬನೇ ರೋಗಿಯವೇ ಎಂದು ಕಂಪ್ಯೂಟರು ಕೇಳಿತು. ಹೌದು ಎಂದು ಒತ್ತಿದೆ. ಐದೂ ಸೇರಿ ಒಂದಾಯಿತು. ಯಾರೋ ತಾಲ್ಲೂಕಿನವರು ತಿಳಿಯದೆ ಒಂದನ್ನೇ ಐದು ಸಲ ಕಳಿಸಿದ್ದಾರೆ ಎಂದು ಪಕ್ಕದವನ ಹತ್ತಿರ ನಕ್ಕಿದ್ದೂ ನೆನಪಿದೆ. ಮೊದಲನೆಯ ಫಾರಮ್ಮಿನಲ್ಲಿ ‘ಗುಣವಾಗಿದ್ದಾರೆ’ ಎಂದಿತ್ತು. ನಿಯಮದಂತೆ ಅದನ್ನೇ ಐದಕ್ಕೂ ಉಳಿಸಿದೆ.

ಎರಡು ವಾರದ ಮೇಲೆ ಆರನೆಯದು ಬಂತು. ಅದೇ ಜೆ.ಕೆ.ಬಿ., ಅದೇ ಜನವರಿ ಒಂದು, ತೀರಿಕೊಂಡಿದ್ದಾರೆ ಎಂದಿತ್ತು. ಗುಣವಾದವನು ಅದೇ ಕಾಯಿಲೆಯಿಂದ ಸತ್ತದ್ದು ಹೇಗೆ? ಗೊಂದಲದ ಮಾಹಿತಿ ಎಂದು ಗುರುತು ಮಾಡಿ ಟ್ರೇಯಲ್ಲಿಟ್ಟೆ. ಮಧ್ಯಾಹ್ನದ ಊಟಕ್ಕೆ ಹೋದೆ.

ಅವರು ಬಂದದ್ದು ಅದಾದ ತಿಂಗಳಿಗೆ. ಬೆಳಿಗ್ಗೆ ಹತ್ತೂವರೆಗೆ, ಕೈಯಲ್ಲಿ ಒಂದು ಬಟ್ಟೆ ಚೀಲ. ಅಲ್ಲಿಯವರೆಗೆ ನಾನು ಅವರ ಮುಖ ನೋಡಿರಲಿಲ್ಲ.

“ಫಾರಂ ಸೇರ್ಸೋರು ಯಾರ್ರೀ ಇಲ್ಲಿ?”

“ನಾನೇ ಮೇಡಂ, ಹೇಳಿ.”

“ಐದು ಕಳ್ಸಿದ್ದೆ, ಆಮ್ಯಾಕೆ ಇನ್ನೊಂದು. ನಂಬರು ಒಂದೇ ಬಂದದೆ. ಮಿಕ್ಕಿದ್ದು ಎಲ್ಲೋದೊ?”

“ಅವು ಡೂಪ್ಲಿಕೇಟ್ ಮೇಡಂ. ಒಬ್ಬರದೇ ಐದು ಸಲ ಬಂದಿತ್ತು. ಸೇರಿಸಿ ಒಂದು ಮಾಡಿದೆ.”

“ಯಾರ್ರೀ ಡೂಪ್ಲಿಕೇಟು?”

ಇಡೀ ಕಛೇರಿ ತಿರುಗಿ ನೋಡಿತು. ನಾನು ಇನಿಷಿಯಲ್ಲು, ಹುಟ್ಟಿದ ತಾರೀಖು ಎಂದು ವಿವರಿಸಲು ಹೊರಟೆ. ಅವರು ನಡುವೆಯೇ ತಡೆದರು.

“ಆಧಾರ್ ಕ್ಯಾಂಪ್‌ನೋರು ಆಡೀಗೆ ಬಂದು, ಯಾವಾಗ್ ಉಟ್ಟಿದ್ದು ಅಂದ್ರು. ಅವ್ರು ಏಳಿದ್ದು ಕಂಪ್ಯೂಟರ್ ಒಳಕ್ಕೆ ಓಗ್ನಿಲ್ಲ. ಅದ್ಕೆ ಎಲ್ರಿಗೂ ಜನವರಿ ಒಂದು, ಒಂದೇ ಇಸ್ವಿ ಅಂತ ಒಡ್ಕಂಡೋದ್ರು. ಜೇನು ಕುರುಬ್ರು ಅಂತ ಎಲ್ರಿಗೂ ಜೆ.ಕೆ. ಅಂತ ಆಕುದ್ರು. ತಾತನ ಎಸ್ರು ಮಡುಗ್ತಾರೆ, ಅದ್ಕೆ ಮೂರು ಜನ ಬೊಮ್ಮದೀರು ಅವ್ರೆ. ಇನ್ನೊಬ್ಬ ಬೋಳ, ಇನ್ನೊಬ್ಬ ಬಸವ. ತೂಕದ ಮಿಸೀನು ಕೆಟ್ಟೋಗಿತ್ತು, ಸುಳ್ ತೂಕ ಬರೀಬಾರ್ದು ಅಂತ ನಾನೇ ಖಾಲಿ ಬುಟ್ಟಿದ್ದೆ. ನೀವು ಆರು ಜನ ಕೂತಿದೀರಲ್ಲ ಇಲ್ಲಿ, ಎಲ್ರ ಕೊಳ್ಳಲ್ಲೂ ಒಂದೇ ತರದ ಐಡಿ ಕಾರ್ಡು ಅದೆ. ಒಂದು ಟೀ ತಂದ್ಕೊಟ್ರೆ ಆರು ಜನಕ್ಕೂ ಆಯ್ತದಾ?”

ಅವರು ನನ್ನ ಮೇಜಿನ ಮೇಲೆ ಎರಡೂ ಕೈ ಊರಿ, “ಆರ್ನೇ ಫಾರಂ ಓದುದ್ರಾ?” ಎಂದರು.

“ಅದು ಗೊಂದಲವಾಗಿತ್ತು ಮೇಡಂ. ಮೊದಲು ಗುಣ ಆಗಿದೆ ಅಂತಿತ್ತು, ಆಮೇಲೆ ತೀರಿಕೊಂಡರು ಅಂತ. ಅದಕ್ಕೆ ಪಕ್ಕಕ್ಕಿಟ್ಟೆ.”

“ಪಕ್ಕಕ್ ಮಡುಗ್ದಾ?” ಅವರು ನೀವು ಬಿಟ್ಟು ನೀನು ಎಂದದ್ದು ಆಗಲೇ. “ಸತ್ತೋನ್ನ ಪಕ್ಕಕ್ ಮಡುಗ್ಬುಟ್ಟು ಕೂತಿದ್ದೀಯಾ?”

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಂದು ಕ್ಷಣ ಸಿಟ್ಟೂ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ನಿಯಮದ ಪ್ರಕಾರ ನಾನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಈಗ ಯೋಚಿಸಿದರೆ ನನಗೆ ಹೆಚ್ಚು ಹೊಟ್ಟೆ ಉರಿಯುವುದು ಆ ಮಾತಿಗೇ. ಒಂದೂ ತಪ್ಪು ಮಾಡದೆ ಒಬ್ಬ ಮನುಷ್ಯನ ಸಾವನ್ನು ಅಳಿಸಿಬಿಡುವುದು ಇಷ್ಟು ಸುಲಭ.

“ಬಾನುವಾರ ಬಾ,” ಎಂದರು ಹೊರಡುವಾಗ. “ಬಂದು ಎಣ್ಸು.”

ಹೋದೆ. ಹುಣಸೂರಿನಲ್ಲಿ ಅವರು ಕಾದಿದ್ದರು. ಬಸ್ಸು ಇಳಿದು ನಡೆದು ಹಾಡಿ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ದೊಡ್ಡ ಬೊಮ್ಮನಿಗೆ ಮೀಸೆಯೆಲ್ಲ ನೆರೆತಿತ್ತು. ತಮಟೆ ಬೊಮ್ಮನಿಗೆ ಮೂವತ್ತು ದಾಟಿರಲಾರದು. ಬೋಳನ ತಲೆತುಂಬ ಗುಂಗುರು ಕೂದಲು. ಬಸವ ಒಂದು ಕಾಲು ಎಳೆದು ನಡೆಯುತ್ತಿದ್ದ. ಆಫೀಸಿನ ಲೆಕ್ಕದಲ್ಲಿ ನೀವು ಒಬ್ಬರೇ ಆಗಿದ್ದೀರಿ ಎಂದು ಮೇಡಂ ಹೇಳಿದ್ದಕ್ಕೆ ನಾಲ್ವರೂ ಬಿದ್ದು ಬಿದ್ದು ನಕ್ಕರು. “ಅಂಗಾರೆ ಇವತ್ತಿಂದ ಇವ್ನು ಉಂಡ್ರೆ ನನ್ ಒಟ್ಟೆ ತುಂಬ್ಬೇಕಲ್ಲ ಕಣಮ್ಮ!” ಎಂದ ತಮಟೆ ಬೊಮ್ಮ. ಯಾವಾಗ ಹುಟ್ಟಿದ್ದು ಎಂದು ನಾನು ಕೇಳಿದೆ. ಒಬ್ಬ ಬಿದಿರು ಅಕ್ಕಿ ಉದುರಿದ ವರ್ಷ ಎಂದ. ಒಬ್ಬ ಆನೆ ಕಂದಕ ತೋಡಿದ ವರ್ಷ ಎಂದ. ದೊಡ್ಡ ಬೊಮ್ಮ, ಹಾಡಿ ಇನ್ನೂ ಕಾಡೊಳಗಿದ್ದಾಗ, ಅಣ್ಣ ಹುಟ್ಟಿ ಮೂರು ಜೇನು ಕಾಲ ಕಳೆದ ಮೇಲೆ ಎಂದ. ಒಬ್ಬರದೂ ಇನ್ನೊಬ್ಬರಿಗೆ ಕೂಡುವುದಿಲ್ಲ. ಎಲ್ಲರಿಗೂ ತಾವು ಹುಟ್ಟಿದ್ದು ಯಾವಾಗ ಎಂಬುದು ಸ್ಪಷ್ಟವಾಗಿ ಗೊತ್ತು. ನಮ್ಮ ಫಾರಮ್ಮಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಐದನೆಯವನು ಕುಳ್ಳ ಬೊಮ್ಮ. ಅವನ ಗುಡಿಸಲಿನ ಮುಂದೆ ಹೆಂಡತಿ ಚಿಕ್ಕಿ ಕೂತಿದ್ದಳು, ಪಕ್ಕದಲ್ಲಿ ಅವನ ತಮ್ಮ ಮಾರ. ಚಿಕ್ಕಿ ನಗಲಿಲ್ಲ. “ನಮ್ಮೋನ್ನೂ ಸೇರ್ಸವ್ರಾ ಅದ್ರೊಳಗೆ?” ಎಂದಳು. ಹೌದು ಎಂದೆ. “ಏನಂತ?” ಎಂದಳು. ಗುಣವಾಗಿದ್ದಾನೆ ಎಂದು ಬರೆದಿರುವುದನ್ನು ಹೇಳದೆ, ತಪ್ಪಾಗಿದೆ, ತಿದ್ದಿಸುತ್ತೇನೆ ಎಂದೆ.

ಕುಳ್ಳ ಬೊಮ್ಮ ಸತ್ತ ವಿಷಯವನ್ನು ಪೂರ್ತಿ ಹೇಳಿದ್ದು ಮೇಡಂ, ವಾಪಸು ಬರುವಾಗ ಬಸ್ಸಿನಲ್ಲಿ. ಮಾತ್ರೆ ತೆಗೆದುಕೊಂಡ ಮಾರನೆಯ ದಿನ ಐವರೂ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದರು. ಉಚ್ಚೆ ಕಪ್ಪಾದದ್ದು ಕಂಡು ನಾಲ್ವರು ಹೆದರಿ ಮಾತ್ರೆಯನ್ನು ಗಿಡದ ಬುಡಕ್ಕೆಸೆದು ಹಾಡಿಗೆ ಬಂದುಬಿಟ್ಟರು. ಕುಳ್ಳ ಬೊಮ್ಮ ಮಾತ್ರ ಅಲ್ಲೇ ಉಳಿದ, ಐದು ದಿನದ್ದನ್ನೂ ತಿಂದ. ಮಾತ್ರೆ ಅಮ್ಮ ಅರ್ಧಕ್ಕೆ ನಿಲ್ಲಿಸಬೇಡ ಅಂದವ್ಳೆ ಎಂದು ತೋಟದ ಲೈನ್ ಮನೆಯಲ್ಲಿ ಜೊತೆಯವರಿಗೆಲ್ಲ ಹೇಳುತ್ತಿದ್ದನಂತೆ. ಅಲ್ಲಿಂದ ಹೊತ್ತು ತಂದಾಗ ಕೈ ಮೀರಿತ್ತು. ಇವರು ನಾಲ್ವರ ಮನೆಗೆ ಹೋಗಿ ಫಾರಂ ತುಂಬುವಾಗ ಅವನೂ ಆಸ್ಪತ್ರೆಯಲ್ಲಿ ಬದುಕಿದ್ದ, ಅದಕ್ಕೇ ಅವನದನ್ನೂ ತುಂಬಿದ್ದರು. ಸತ್ತ ಮೇಲೆ ತುಂಬಿದ್ದು ಆರನೆಯದು.

“ಕ್ಯಾಂಪ್‌ನಲ್ಲಿ ನಿಂತು ಒಬ್ಬೊಬ್ರಿಗೂ ಮೂರ್ ಮೂರ್ ಸಲ ಏಳ್ಸಿದ್ದೆ ಕಣಯ್ಯ, ಐದ್ ದಿನ, ಅರ್ಧಕ್ ನಿಲ್ಲುಸ್ಬ್ಯಾಡಿ ಅಂತ. ನನ್ ಮಾತ್ ಕೇಳ್ದೆ ಇದ್ದೋರು ಬದುಕುದ್ರು. ಕೇಳಿದೋನು ಸತ್ತ.” ಕಿಟಕಿಯ ಕಡೆ ತಿರುಗಿ ಕೂತರು.

ಅವರ ಸಿಟ್ಟಿನಲ್ಲಿ ಅರ್ಧ ತಮ್ಮ ಮೇಲಿನದೇ ಎಂದು ನನಗೆ ಅವತ್ತು ಗೊತ್ತಾಯಿತು. ಉಳಿದರ್ಧಕ್ಕೆ ನಾವೆಲ್ಲ ಯೋಗ್ಯರಾಗಿದ್ದೆವು. ಅವರು ಕೇಳಿದ್ದೇನು ಮಹಾ? ಆ ಮಾತ್ರೆ ಬೇಡವೇ ಬೇಡ ಎಂದೂ ಹೇಳಿರಲಿಲ್ಲ, ಅದರಿಂದ ಗುಣವಾಗುವವರು ಇದ್ದಾರೆಂದು ಅವರಿಗೆ ಗೊತ್ತು. ಹಾಡಿಗಳಲ್ಲಿ ಕೊಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ, ಅಷ್ಟೆ. ಮಾರ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ನಾಳೆ ಅವನಿಗೆ ಜ್ವರ ಬಂದರೆ ಅದೇ ಕ್ಯಾಂಪು, ಅದೇ ಮಾತ್ರೆ.

ನಾನು ಮರುದಿನವೇ ಮೇಲಿನ ಕಛೇರಿಗೆ ಬರೆದೆ. ಒಮ್ಮೆ ಸೇರಿಸಿ ಕಳಿಸಿದ್ದನ್ನು ನನ್ನ ಮೇಜಿನಿಂದ ಬಿಡಿಸಲಾಗುವುದಿಲ್ಲ. ಸೇರಿಸಲು ನನ್ನ ಒಂದು ಬೆರಳು ಸಾಕಾಗಿತ್ತು. ಬಿಡಿಸಲು ಮೂರು ಕಛೇರಿಗಳ ಒಪ್ಪಿಗೆ ಬೇಕಂತೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು, ಆಮೇಲೆ ಇನ್ನೊಮ್ಮೆ ಅದೇ ಉತ್ತರ ಬಂತು.

ಅಷ್ಟರಲ್ಲಿ ಹುಣಸೂರಿನಲ್ಲಿ ಮುಂದಿನ ಕ್ಯಾಂಪುಗಳ ಬಗ್ಗೆ ಒಂದು ಸಭೆ. ನನ್ನನ್ನೂ ಕರೆದಿದ್ದರು. ರಕ್ತ ಪರೀಕ್ಷೆಯ ಮಾತು ಬಂದಾಗ, ಮುಂದೆ ಶಾಲು ಹೊದಿಸಲಿದ್ದ ಆ ಅಧಿಕಾರಿ ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. “ನೋಡಿ, ಇದು ನಮ್ಮ ನಿಮ್ಮ ಮಾತಲ್ಲ, ಅಂತಾರಾಷ್ಟ್ರೀಯ ಡೇಟಾಬೇಸು. ನಮ್ಮ ಭಾಗದಿಂದ ಈ ಮಾತ್ರೆಗೆ ಒಂದೇ ಒಂದು ಕೇಸು. ಅದೂ ಗುಣವಾಗಿದೆ. ಅಪರೂಪದಲ್ಲಿ ಅಪರೂಪ. ಇದಕ್ಕೋಸ್ಕರ ಎಲ್ಲರಿಗೂ ಪರೀಕ್ಷೆ ಅಂತ ಕೂತರೆ ಕ್ಯಾಂಪು ನಡೆದ ಹಾಗೇ.”

ನಾನು ಅವರ ಮೇಲೆ ಅದೆಷ್ಟು ಕೋಪ ಮಾಡಿಕೊಳ್ಳಲಿ? ಆ ಒಂದು ನಂಬರನ್ನು ಹುಟ್ಟಿಸಿದವನು ನಾನು. ಅದು ಸಮುದ್ರ ದಾಟಿ, ಮರ್ಯಾದೆ ಸಂಪಾದಿಸಿಕೊಂಡು, ತಿರುಗಿ ನಮ್ಮೂರಿಗೇ ಬಂದು ಗೋಡೆಯ ಮೇಲೆ ಕೂತಿತ್ತು.

ಮೇಡಂ ಎದ್ದು ನಿಂತರು. “ಸಾರ್, ಆ ಒಂದ್ರೊಳಗೆ ಐದು ಜನ ಅವ್ರೆ.”

“ಮೇಡಂ, ದಾಖಲೆಯಲ್ಲಿ ಒಂದೇ ಇದೆ.”

“ದಾಖಲೆ ಅಲ್ಲಿ ಕೂತದೆ ಸಾರ್. ನಾಕು ಜನ ಇಲ್ಲಿಂದ ಅರ್ಧ ಗಂಟೆ ದಾರೀಲಿ ಅವ್ರೆ. ಐದ್ನೇಯೋನ್ನ ಮಣ್ಣು ಮಾಡಿದ್ದೂ ಅಲ್ಲೇಯ. ಜೀಪಿಗೆ ಡೀಸೆಲ್ ಇಲ್ವಾ? ನಡೀರಿ, ಈಗ್ಲೇ ತೋರುಸ್ತೀನಿ!”

ಆ ದನಿ ಹೊರಗೆ ಟೀ ಅಂಗಡಿಯವರೆಗೆ ಕೇಳಿಸಿತ್ತೆಂದು ಆಮೇಲೆ ಹೇಳಿದರು. ನಾನು ಎದ್ದು, ತಪ್ಪು ನನ್ನದು, ಐದನ್ನು ಒಂದು ಮಾಡಿದವನು ನಾನು ಎಂದೆ. ತಿದ್ದುಪಡಿ ಬಂದಾಗ ನೋಡೋಣ, ಈಗ ಮುಂದಿನ ವಿಷಯಕ್ಕೆ ಹೋಗೋಣ ಎಂದು ಅಧಿಕಾರಿ ಹೇಳಿದರು. ಮುಂದಿನ ವಿಷಯ ಕ್ಯಾಂಪಿನ ಬ್ಯಾನರಿನ ಬಣ್ಣದ್ದು.

ಮೇಡಂ ಆಸ್ಪತ್ರೆಗೆ ಹೋಗಿ ಆ ಮಾತ್ರೆಯ ಡಬ್ಬಗಳನ್ನೆಲ್ಲ ಅಲಮಾರಿಗೆ ಹಾಕಿ ಬೀಗ ಜಡಿದರು. ಪರೀಕ್ಷೆಯಿಲ್ಲದೆ ಹಾಡಿಗಳಿಗೆ ಒಂದು ಮಾತ್ರೆಯನ್ನೂ ಕೊಡುವುದಿಲ್ಲ ಎಂದು ಬರೆದುಕೊಟ್ಟರು. ಯಾವ ಆಧಾರದ ಮೇಲೆ ಎಂದು ನೋಟೀಸು ಬಂತು. ಅದಕ್ಕೆ ಅವರು ಕೊಟ್ಟ ಉತ್ತರದಲ್ಲಿ ಐವರ ಹೆಸರು, ತಂದೆಯ ಹೆಸರು, ಬಿದಿರು ಅಕ್ಕಿ, ಆನೆ ಕಂದಕ, ಜೇನು ಕಾಲ ಎಲ್ಲ ಇತ್ತು. ಅಂಥ ಉತ್ತರವನ್ನು ಯಾವ ಕಛೇರಿ ತಾನೇ ಓದುತ್ತದೆ? ಕರ್ತವ್ಯಕ್ಕೆ ಅಡ್ಡಿ ಎಂದು ಚುಂಚನಕಟ್ಟೆ ಕಡೆಗೆ ಎತ್ತಿಹಾಕಿದರು. ಮಿರ್ಲೆಗೆ ಹತ್ತಿರವಾಯಿತಲ್ಲ ಬಿಡಿ ಎಂದು ಯಾರೋ ಸಮಾಧಾನ ಹೇಳಿದ್ದಕ್ಕೆ, “ಕಾಡಿಗೆ ದೂರ ಆಯ್ತಲ್ಲ” ಎಂದರು.

ಹೊರಡುವ ಮುಂಚೆ ಒಂದು ಕೆಲಸ ಮಾಡಿದ್ದರು. ಆ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ಕತ್ತರಿಸಿ ರಟ್ಟಿನ ಚೂರುಗಳಿಗೆ ಅಂಟಿಸಿ, ಕೆಳಗೆ ಡಾಕ್ಟರಿಗೆ ತಿಳಿಯುವಂತೆ ಎರಡು ಸಾಲು ಬರೆದು, ಹಾಡಿಯ ಮನೆಮನೆಗೂ ಕೊಟ್ಟಿದ್ದರು. “ಇದ ತೋರ್ಸಿ. ಇಂತಾ ಮಾತ್ರೆ ಕೊಡಾಕ್ ಬಂದ್ರೆ ಬ್ಯಾಡ ಅನ್ನಿ. ನಾನ್ ಬಂದು ಕೊಟ್ರೂ ಬ್ಯಾಡ ಅನ್ನಿ.” ಅದನ್ನು ಮೂರು ಮೂರು ಸಲ ಹೇಳಿಸಿದ್ದರಂತೆ. ಮುಂದಿನ ಕ್ಯಾಂಪಿನಲ್ಲಿ ಜ್ವರ ಬಂದ ಮಾರ ಆ ರಟ್ಟು ತೋರಿಸಿದ. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಓದಿ ಬೇರೆ ಮಾತ್ರೆ ಕೊಟ್ಟರು. ಮಾರ ಇವತ್ತು ಬದುಕಿರುವುದು ಆ ರಟ್ಟಿನ ಚೂರಿನಿಂದ, ನಮ್ಮ ಡೇಟಾಬೇಸಿನಿಂದ ಅಲ್ಲ. ಆದರೆ ರಟ್ಟು ಇದ್ದದ್ದು ಅದೊಂದೇ ಹಾಡಿಯಲ್ಲಿ. ಕಾಡಿನಂಚಿಗೆ ಎಚ್.ಡಿ. ಕೋಟೆಯವರೆಗೂ ಹಾಡಿಗಳಿವೆ, ಎಲ್ಲ ಕಡೆಯೂ ಕ್ಯಾಂಪು ನಡೆಯುತ್ತದೆ.

ಫಾರಂಗಳು ಕೊನೆಗೂ ಬಿಡಿಸಿಕೊಂಡವು. ಆ ಹೊತ್ತಿಗೆ ಕುಳ್ಳ ಬೊಮ್ಮ ಸತ್ತು ಒಂದು ವರ್ಷ ದಾಟಿತ್ತು. ಸಮುದ್ರದಾಚೆಯಿಂದ ಒಬ್ಬ ಸಂಶೋಧಕಿ, ಇವರು ನಿಜಕ್ಕೂ ಐವರೇ ಎಂದು ಕೇಳಿ ಬರೆದಿದ್ದರು. ನಾನು ಖುದ್ದಾಗಿ ಹೋಗಿ ನೋಡಿದ್ದೇನೆ ಎಂದು ಉತ್ತರಿಸಿದೆ. ಐದಕ್ಕೂ ಬೇರೆ ಬೇರೆ ನಂಬರು ಬಂತು. ಕುಳ್ಳ ಬೊಮ್ಮನದರಲ್ಲಿ ಗುಣವಾಗಿದ್ದಾರೆ ಎಂಬುದನ್ನು ಅಳಿಸಿ ತೀರಿಕೊಂಡಿದ್ದಾರೆ ಎಂದು ಹಾಕಿದೆ. ನನಗೆ ದೊಡ್ಡ ಭಾರ ಇಳಿದಂತಾಯಿತು. ಅದರ ಹಿಂದೆಯೇ ಅಲ್ಲಿಂದ ಇನ್ನೊಂದು ಪತ್ರ ಬಂತು. ಬಹಳ ವಿನಯದ ಪತ್ರ. ಎರಡನ್ನೂ ತೆಗೆದುಕೊಂಡು ಚುಂಚನಕಟ್ಟೆ ಕಡೆಗೆ ಹೋದೆ.

ಅವರು ಕೌಂಟರಿನಲ್ಲಿದ್ದರು. ಸಾಲು ಮುಗಿಯುವವರೆಗೆ ನನ್ನನ್ನು ಕಾಯಿಸಿ ಆಮೇಲೆ ಕರೆದರು. ಐದು ನಂಬರುಗಳನ್ನು ತೋರಿಸಿದೆ. ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. ಕುಳ್ಳ ಬೊಮ್ಮನದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

“ಇನ್ನೊಂದ್ರಲ್ಲಿ ಏನದೆ? ಕನ್ನಡ್ದಲ್ಲಿ ಏಳು.”

ಹೇಳಿದೆ. ಐದು ವರದಿಗಳನ್ನು ಗಮನಿಸಿದ್ದೇವೆ. ನಿಮ್ಮ ಶ್ರಮಕ್ಕೆ ವಂದನೆಗಳು. ನಿಮ್ಮ ಭಾಗದ ಜನರ ಬಗ್ಗೆ ಏನನ್ನಾದರೂ ಖಚಿತವಾಗಿ ಹೇಳಲು ಈ ಸಂಖ್ಯೆ ಸಾಲದು. ಇಂಥ ಇನ್ನಷ್ಟು ವರದಿಗಳು ಬಂದರೆ ಸ್ವಾಗತ.

“ಸ್ವಾಗತವಾ?”

“ಹಾಗೆಂದಿದ್ದಾರೆ ಮೇಡಂ. ಅವರ ದೃಷ್ಟಿಯಲ್ಲಿ ಅದು ತಪ್ಪಲ್ಲ. ಲೆಕ್ಕಕ್ಕೆ ಇಂತಿಷ್ಟು ಅಂತ ಬೇಕಾಗುತ್ತದೆ. ನಮ್ಮ ಅಧಿಕಾರಿಗಳೂ ಈ ಪತ್ರ ನೋಡಿದ್ದಾರೆ. ಸಂಖ್ಯೆ ಸಾಲದು ಅಂತ ಅವರೇ ಹೇಳುವಾಗ ರಕ್ತ ಪರೀಕ್ಷೆ ಯಾಕೆ ಅಂತಿದ್ದಾರೆ.”

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ದನಿ ಏರಲೂ ಇಲ್ಲ.

“ನೀನು ಅವ್ರಿಗೆ ಬರೀತೀಯಲ್ಲ, ಅದ್ರಲ್ಲಿ ಮಾತು ಬರಿಯಾಕೆ ಜಾಗ ಇರ್ತದಾ?”

“ವಿವರಣೆ ಅಂತ ಒಂದು ಜಾಗ ಇದೆ ಮೇಡಂ. ಏನು ಬೇಕಾದರೂ ಬರೆಯಬಹುದು.”

“ಕುಳ್ಳ ಬೊಮ್ಮನ ಫಾರಮ್ನಲ್ಲಿ ಬರಿ. ಸಾಲ್ದು ಅಂದ್ರಲ್ಲ, ಇನ್ ಎಷ್ಟ್ ಜನ ಸತ್ರೆ ಸಾಕು ಅಂತ ಅವರೇ ಏಳ್ಲಿ. ನಾನಂತೂ ಕಳ್ಸಾಕಿಲ್ಲ.”

ಮೈಸೂರಿಗೆ ಬಂದು ಹಾಗೆಯೇ ಬರೆದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿ, ಕೆಳಗೆ ಇಂಗ್ಲಿಷಿನಲ್ಲೂ ಹಾಕಿದೆ. ಕಂಪ್ಯೂಟರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ತೆಗೆದುಕೊಂಡಿತು. ಇವತ್ತಿಗೂ ಅದಕ್ಕೆ ಉತ್ತರ ಬಂದಿಲ್ಲ.